ಕೈಬಿಟ್ಟ ಮಂಜಿಯ ಬಾಡಿಗೆ

ಕಳೆದ ವಾರ ಬೈಕಂಪಾಡಿಯಲ್ಲಿ ಒಂದು ವರ್ಕ್‌ಶಾಪಿನ ಎದುರು ಸ್ಕೂಟರ್ ನಿಲ್ಲಿಸಿದ್ದೆ. ಒಳಗಿನಿಂದ ಮೀನೆಣ್ಣೆಯ ವಾಸನೆ ಗಪ್ಪೆಂದು ಬಂತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಕೂಳೂರಿನ ನಮ್ಮ ಪಕ್ಕದ ಮನೆಯ ಅಂಕಲ್ ಬಂದು ನಿಂತ ಹಾಗಾಯಿತು. ಅವರ ಅಂಗಿಗೆ ಸದಾ ಅದೇ ವಾಸನೆ. ಅವರದ್ದೊಂದು ಮಂಜಿ ಇತ್ತು, ಕಡಲಾಚೆಯ ದ್ವೀಪಗಳಿಗೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ಮರದ ಹಡಗು. ಅದಕ್ಕೆ ಎಣ್ಣೆ ಹಚ್ಚುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ...

ನಾನಾಗ ಕಾನೂನು ಓದುತ್ತಿದ್ದೆ. ಡಿಬೇಟಿನಲ್ಲಿ ಬಹುಮಾನ ಬೇರೆ. ಯಾರು ಏನು ಹೇಳಿದರೂ ಮೊದಲು ನಂಬದಿರುವುದು ನನ್ನ ಅಭ್ಯಾಸ. ಈಗಲೂ ಹಾಗೆಯೇ.

ಆ ವರ್ಷ ಬಂದರಿನ ಸಾಹುಕಾರರೊಬ್ಬರು ಮುಂದಿನ ಮಳೆಗಾಲದವರೆಗೆ ಎಂದು ಮಂಜಿಯನ್ನು ಬಾಡಿಗೆಗೆ ಹಿಡಿದಿದ್ದರು. ನಡುವೆ ಬಾಡಿಗೆಯ ದರ ಬಿತ್ತು. ಸಾಹುಕಾರರು ಫೋನಿನಲ್ಲೇ ‘ಇನ್ನು ಬೇಡ’ ಎಂದುಬಿಟ್ಟರು. ಅದಾದ ಸ್ವಲ್ಪ ದಿನಕ್ಕೆ ಹೊಸಬನೊಬ್ಬ ಕಡಿಮೆ ಬಾಡಿಗೆಗೆ ಕೇಳಿಕೊಂಡು ಬಂದ. ಅಂಕಲ್ ಕೊಡಲಿಲ್ಲ. ಮಂಜಿ ಮಳೆಯವರೆಗೂ ಬಂದರಿನ ದಕ್ಕೆಯಲ್ಲಿ ಸುಮ್ಮನೆ ನಿಂತಿತು. ಉಳಿದ ಅವಧಿಯ ಬಾಡಿಗೆಯನ್ನು ಪೂರ್ತಿ ಸಾಹುಕಾರರೇ ಕೊಡಬೇಕೆಂಬುದು ಅಂಕಲ್ ಹಿಡಿದ ಪಟ್ಟು. ಅದು ಸಿಕ್ಕಿದರೆ ಹಳೆಯ ಹಲಗೆಗಳನ್ನು ಬದಲಿಸಿ ಮಂಜಿಯನ್ನು ಮತ್ತೆ ಕಡಲಿಗಿಳಿಸಬಹುದು. ಇಲ್ಲವಾದರೆ ಮಾರುವುದೇ.

ನನಗೆ ಸಂಶಯ ಬಂದದ್ದು ಅಂಕಲ್ ಮೇಲೆ. ನಷ್ಟ ದೊಡ್ಡದಾಗಿ ಕಾಣಲಿ ಎಂದೇ ಖಾಲಿ ನಿಲ್ಲಿಸಿದರೋ?

“ಆ ಹೊಸಬನಿಗೆ ಯಾಕೆ ಕೊಡ್ಲಿಲ್ಲ ಅಂಕಲ್?” ಎಂದು ಕೇಳಿದೆ.

“ಅವನು ಸಾಹುಕಾರನೇ ಕಳಿಸಿದ ಜನ ಮಾರಾಯ್ತಿ. ಬಂದವನೇ ಸೀದಾ ಹಿಂದಿನ ಮೂಲೆಯ ಹಲಗೆ ಮುಟ್ಟಿ ನೋಡಿದ. ಅಲ್ಲಿ ನೀರು ಒಸರುವುದು ಸಾಹುಕಾರನಿಗೆ ಬಿಟ್ಟು ಬೇರೆ ಯಾರಿಗೆ ಗೊತ್ತುಂಟು?”

“ಹಡಗು ಗೊತ್ತಿದ್ದವರು ಯಾರಾದರೂ ಅಲ್ಲಿಯೇ ಮುಟ್ಟಬಹುದಲ್ಲ?”

“ಎಂತ, ನೀನು ನನ್ನ ಕಡೆಯಾ ಅವನ ಕಡೆಯಾ?”

“ಸಾಹುಕಾರರೇ ಕಳಿಸಿದ್ದು ಅಂತಲೇ ಇಟ್ಟುಕೊಳ್ಳಿ. ಮಂಜಿ ಕೊಟ್ಟು, ಕಡಿಮೆ ಬಿದ್ದದ್ದನ್ನು ಅವರ ಹತ್ತಿರ ಕೇಳಬಹುದಿತ್ತು.”

“ಇವತ್ತು ಬೇಡ ಹೇಳಿ ನಾಳೆ ಅದೇ ಮಂಜಿಯನ್ನು ಅಗ್ಗಕ್ಕೆ ಕೇಳುವುದಾ? ಅವನಿಗೆ ನಾಚಿಕೆ ಇಲ್ಲದಿದ್ದರೆ ಬೇಡ, ನನಗೆ ಉಂಟು!”

ಇಬ್ಬರೂ ಒಪ್ಪಿದ ಹಿರಿಯ ವ್ಯಾಪಾರಿಯೊಬ್ಬರ ಮುಂದೆ ಪಂಚಾಯಿತಿಕೆ ಕೂತಿತು. ಅಂಕಲ್ ನನ್ನನ್ನೂ ಕರೆದುಕೊಂಡು ಹೋದರು. ನಾನು ಸಾಹುಕಾರರನ್ನೇ ನೇರ ಕೇಳಿದೆ, “ಆ ಹೊಸಬ ನಿಮಗೆ ಏನಾಗಬೇಕು?”

“ಬಂದರಿನಲ್ಲಿ ಎಲ್ಲರೂ ನಮ್ಮವರೇ ಅಲ್ವಾ ತಂಗೀ,” ಎಂದು ನಕ್ಕರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನ್ನ ಸಂಶಯ ಅಲ್ಲಿಯೇ ಪಕ್ಷ ಬದಲಿಸಿತು.

ಹಿರಿಯರಿಗೆ ಅದು ಬೇಕಿರಲಿಲ್ಲ. ಯಾರೇ ಕಳಿಸಿರಲಿ, ಮಂಜಿಗೆ ದುಡಿಯುವ ದಾರಿ ಇತ್ತು, ನೀವೇ ಬಿಟ್ಟದ್ದು ಎಂದು ಅಂಕಲ್‌ಗೆ ಹೇಳಿದರು. ಹಳೆಯ ಬಾಡಿಗೆಗೂ ಹೊಸಬ ಹೇಳಿದ ಬಾಡಿಗೆಗೂ ನಡುವಿನ ವ್ಯತ್ಯಾಸವನ್ನಷ್ಟೇ ಕೊಡಿಸಿದರು. ಲೆಕ್ಕ ಸರಿಯೇ, ನಾನು ಹೇಳಿದ್ದೂ ಅದನ್ನೇ. ಆದರೆ ಮಾತು ಮುರಿದವನೇ ಹಿಂಬಾಗಿಲಿನಿಂದ ಅಗ್ಗಕ್ಕೆ ಕೇಳಲು ಬಂದಿದ್ದರೆ, ಆ ಲೆಕ್ಕದಲ್ಲಿ ಅದಕ್ಕೆ ಜಾಗ ಎಲ್ಲಿ?

ಹಿಂದಿರುಗುವಾಗ ಬಸ್ಸು ಕೂಳೂರು ಸೇತುವೆ ಹತ್ತಿತು. ಅಂಕಲ್ ನದಿಯ ಕಡೆ ನೋಡುತ್ತಾ ಕೇಳಿದರು, “ಒಂದು ವೇಳೆ ಅವನು ಸಾಹುಕಾರನ ಜನ ಅಲ್ಲದಿದ್ದರೆ?”



ಸಿಕ್ಕಿದ ದುಡ್ಡು ಹಲಗೆಗೆ ಸಾಲಲಿಲ್ಲ. ಮಂಜಿ ಮಾರಿಹೋಯಿತು. ಕೊಂಡವರು ಅದನ್ನು ಅಳಿವೆ ದಾಟಿಸಿ ಒಯ್ಯುವಾಗ ಅಂಕಲ್ ನೋಡಲು ಹೋಗಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಹೋದರು...

ಈಗ ನಾನೂ ಕೋರ್ಟಿನಲ್ಲಿ ನಷ್ಟದ ಲೆಕ್ಕ ವಾದಿಸುತ್ತೇನೆ. ಆ ಹೊಸಬ ಯಾರ ಕಡೆಯವನು ಎಂಬುದು ಇವತ್ತಿಗೂ ಗೊತ್ತಿಲ್ಲ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಒಳ್ಳೆಯ ಜನ, ಏನು ಹೇಳಿದರೂ ಹೌದು ಹೌದು ಎನ್ನುತ್ತಾರೆ. ನನ್ನ ಮೇಲೆ ಸಿಟ್ಟಾಗಿ ಬಾಗಿಲು ಹಾಕಿಕೊಂಡು, ಮರುದಿನ ಬೆಳಿಗ್ಗೆ ಕಾಂಪೌಂಡಿನ ಬಳಿ ಬಂದು “ನಿನ್ನೆ ನೀನು ಎಂತ ಹೇಳಿದ್ದು?” ಎಂದು ವಾದವನ್ನು ಮತ್ತೆ ಎತ್ತಿಕೊಳ್ಳುತ್ತಿದ್ದವರು ಅಂಕಲ್ ಒಬ್ಬರೇ.