ಸುಣ್ಣದ ಗುರುತಿನ ಮಾಕಳಿ ಬಳ್ಳಿಗಳು

ಸಂಡೂರಿನ ಗುಡ್ಡದಲ್ಲಿ ಹದಿನಾರು ವರ್ಷ ದಿನಗೂಲಿ ವಾಚರ್ ಆಗಿದ್ದೆ. ಅಂದರೆ ಕಾಡು ಕಾಯುವ ಕೆಲಸ. ಈಗ ಹೇಳುವುದು ಆ ಕೆಲಸದ ಕಡೆಯ ವರ್ಷದ್ದು.

ಗಣಿ ತಿಂದ ಗುಡ್ಡಗಳ ನಡುವೆ ಒಂದು ಕಣಿವೆ ಉಳಿದಿತ್ತು. ಅದರ ಬಂಡೆ ಸಂದಿನಲ್ಲಿ ಮಾಕಳಿ ಬಳ್ಳಿ. ಇದರ ಬೇರಿನಿಂದ ಉಪ್ಪಿನಕಾಯಿ ಹಾಕುತ್ತಾರೆ. ನಮ್ಮವ್ವ ಕಲಿಸಿದಂತೆ ನಾವು ಒಂದು ಮಗ್ಗುಲು ಮಾತ್ರ ಅಗೆದು, ತಾಯಿಬೇರು ಬಿಟ್ಟು, ಮಣ್ಣು ಮುಚ್ಚಿ ಮೇಲೆ ಕಲ್ಲು ಹೇರುತ್ತಿದ್ದೆವು. ಬೇರು ಮಾರುವವರು ಹಾರೆ ಹಾಕಿ ಬುಡಸಮೇತ ಕಿತ್ತರು. ಸುತ್ತಲಿನ ಗುಡ್ಡಗಳಲ್ಲಿ ಬಳ್ಳಿ ಮುಗಿದೇ ಹೋಯಿತು.

ಸಸ್ಯ ಸರ್ವೆಗೆ ಬಂದ ಮೇಡಂ ಬಳ್ಳಿ ಎಣಿಸಿಡಲು ಹೇಳಿದರು. ಸಹಿಗಿಂತ ಹೆಚ್ಚು ಬರೆಯಲು ನನಗೆ ಬಾರದು. ಹೊಲದ ಬದುಗಲ್ಲಿಗೆ ಹಚ್ಚುವಂತೆ ಪ್ರತಿ ಬಳ್ಳಿಯ ಪಕ್ಕದ ಬಂಡೆಗೆ ಸುಣ್ಣ ಹಚ್ಚಿದೆ. ನಲವತ್ತೆರಡು ಗುರುತು. ಭಾರಿ ಜಾಣೆ ಅಂದುಕೊಂಡೆ.

ಎಂಟನೇ ದಿನ ಬೆಳಿಗ್ಗೆ ಹೋದರೆ ಹಾರೆಯ ಸದ್ದು. ಮೂವರು ಗಂಡಸರು ಒಂದು ಗುರುತಿನಿಂದ ಇನ್ನೊಂದಕ್ಕೆ ನಡೆಯುತ್ತ ಕೀಳುತ್ತಿದ್ದರು. ಒಬ್ಬ ನನ್ನ ತಂಗಿಯ ಮಗ ಹನುಮ.

"ಬಾ ದೊಡ್ಡವ್ವ, ಎಲ್ಲೆಲ್ಲಿ ಅದಾವಂತ ನೀನ ಬರದಿಟ್ಟಂಗ ಆತು. ಭಾಳ ಉಪಕಾರ!" ಎಂದು ನಕ್ಕ.

"ಲೇ ಹನುಮ, ಹಾರಿ ಕೆಳಗ ಇಡು."

"ಹೋಗ, ಮನ್ಯಾಗ ಕುಂತು ರೊಟ್ಟಿ ಬಡಿ."

ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲು ಎಳೆದು ಬೀಸಿದೆ. ಅವನ ಮುಂಗೈ ಸೀಳಿ ಮೂಳೆ ಕಂಡಿತು. ಎರಡನೆಯವನು ಹಾರೆ ತಿರುಗಿಸಿ ನನ್ನ ಮೊಣಕಾಲಿಗೆ ಹೊಡೆದ. ಬಿದ್ದೆ. ಮೂರನೆಯವನು ಕೂದಲು ಹಿಡಿದು ಮುಖವನ್ನು ಬಂಡೆಗೆ ಜಜ್ಜಿದ. ಮುರಿದ ಹಲ್ಲು ಉಗುಳಿ ಅವನ ಕೈ ಕಚ್ಚಿದೆ. ಚರ್ಮ ಹರಿಯುವವರೆಗೂ ಬಿಡಲಿಲ್ಲ. ರಕ್ತ ನಿಲ್ಲದೆ ಹನುಮ ಕಿರುಚತೊಡಗಿದಾಗ ಅವನನ್ನು ಹೊತ್ತುಕೊಂಡು ಓಡಿದರು.

ನನ್ನ ಕಾಲು ಏಳಲಿಲ್ಲ. ತೆವಳಿಕೊಂಡೇ ಉಳಿದ ಗುರುತುಗಳ ಹತ್ತಿರ ಹೋದೆ. ಹನ್ನೊಂದು ಬಳ್ಳಿ ಉಳಿದಿದ್ದವು. ಒಂದೊಂದು ಬಂಡೆಯ ಸುಣ್ಣವನ್ನೂ ಕಲ್ಲಿನಿಂದ ಕೆರೆದೆ, ಕೆಂಪು ಮಣ್ಣು ಉಜ್ಜಿದೆ. ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ನನ್ನನ್ನು ಸೇರಿಸಿದ್ದ ಆಸ್ಪತ್ರೆಗೆ ಮೇಡಂ ಬಂದು ನಕ್ಷೆ ಬಿಚ್ಚಿದರು. "ಉಳಿದಿರೋದು ಎಲ್ಲಿವೆ ಅಂತ ತೋರಿಸಮ್ಮ, ಗುರುತು ಹಾಕ್ತೀನಿ."

"ಹನ್ನೊಂದು ಅಂತ ಬರಕೊಳ್ರಿ. ಜಾಗ ಮಾತ್ರ ಕೇಳಬ್ಯಾಡ್ರಿ."

ಹನುಮನ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ತಂಗಿ ನನ್ನ ಜೊತೆ ಮಾತು ಬಿಟ್ಟಳು. ಅವನ ಕೈಗೆ ನಾನು ಮರುಗಿಲ್ಲ. ಮೂವತ್ತೊಂದು ಬಳ್ಳಿಗಳನ್ನು ಅವನಿಗೆ ತೋರಿಸಿಕೊಟ್ಟವಳು ನಾನೇ, ಅದಕ್ಕೆ ಮರುಗುತ್ತೇನೆ. ಕಾಯುವವರು ಬಾಯಿಯನ್ನೂ ಕಾಯಬೇಕು. ಹದಿನಾರು ವರ್ಷದ ಕೆಲಸ ಇದನ್ನು ಕಲಿಸಿದ್ದು ಕಡೆಯ ವರ್ಷದಲ್ಲಿ.