ನಾಲ್ಕು ಹಾಡಿನ ರೆಕಾರ್ಡಿನಲ್ಲಿ ನಮ್ಮವ್ವ

ಜರ್ಮನಿಗೆ ಬಂದ ಮೊದಲ ಭಾನುವಾರ ವಾಷಿಂಗ್ ಮೆಷೀನ್ ಹಾಕಿದೆ. ಬಟ್ಟೆ ನೆನೆಯುವುದರೊಳಗೆ ಮನೆಯೊಡತಿ ಬಾಗಿಲಲ್ಲಿದ್ದರು. ಭಾನುವಾರ ಇಲ್ಲಿ ‘ರೂಹೆ’. ಅಂದರೆ ನಿಶ್ಶಬ್ದ, ಬಟ್ಟೆ ತಿರುಗುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮೂರು ತ್ಯಾವಣಿಗೆಯಲ್ಲಿ ನಮ್ಮ ಮನೆ ಅಕ್ಕಿ ಮಿಲ್ಲಿಗೆ ಅಂಟಿಕೊಂಡಿದೆ. ಅಲ್ಲಿ ಗುಟ್ಟು ಹೇಳುವುದೂ ಕೂಗಿಯೇ.

ಉಳಿದ ದಿನಗಳಲ್ಲೂ ಇಲ್ಲಿ ಸದ್ದಿಲ್ಲ. ಹಾಗಾಗಿ ನನಗೆ ನಿದ್ದೆಯೇ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ರಾತ್ರಿ ಪಾಳಿ, ಹಗಲು ಮಲಗಬೇಕು. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದವಳು ಇಲ್ಲಿ ಮೆತ್ತನೆ ಹಾಸಿಗೆಯಲ್ಲಿ ನನ್ನ ಎದೆಬಡಿತವನ್ನೇ ಕೇಳುತ್ತ ಬಿದ್ದಿರುತ್ತಿದ್ದೆ. ಊಟ ಸಪ್ಪೆಯಾದರೆ ಉಪ್ಪಿನಕಾಯಿ ಇತ್ತು, ಭಾಷೆಗೆ ತರಗತಿ ಇತ್ತು, ಇದಕ್ಕೇನು ಮಾಡುವುದು? ತೂಕಡಿಸುತ್ತ ಇಂಜೆಕ್ಷನ್ ಕೊಡುವ ನರ್ಸನ್ನು ಯಾರು ಇಟ್ಟುಕೊಳ್ಳುತ್ತಾರೆ? ಊರಿಗೆ ಹೊರಟುಬಿಡುವುದೆಂದೇ ಇದ್ದೆ.

ಆಗ ನೆಲಮಾಳಿಗೆಗೆ ಅಭ್ಯಾಸ ಮಾಡಲು ಒಂದು ಇಂಡಸ್ಟ್ರಿಯಲ್ ರಾಕ್ ಬ್ಯಾಂಡ್ ಬಂತು. ಗಿಟಾರಿನ ಜತೆಗೆ ತಗಡು, ಸರಪಳಿ, ಡ್ರಿಲ್ಲು ಎಲ್ಲವನ್ನೂ ಬಾರಿಸುವ ಸಂಗೀತ. ಅವತ್ತು ಸಂಜೆಯವರೆಗೆ ಸತ್ತಂತೆ ಮಲಗಿದೆ.

ಅವರನ್ನು ಓಡಿಸಲು ಮನೆಯೊಡತಿ ದೂರು ಬರೆದು ಕಟ್ಟಡದವರ ಸಹಿ ಹಾಕಿಸತೊಡಗಿದರು. ಹಗಲು ಮಲಗುವ ನಾನೇ ಅವರ ದೊಡ್ಡ ಅಸ್ತ್ರ. ನಾನು ಸಹಿ ಹಾಕಲಿಲ್ಲ. ಆದರೂ ಹುಡುಗರು ಹೆದರಿ ಬಾರಿಸುವುದನ್ನು ನಿಲ್ಲಿಸಿದರು. ತಡೆಯಲಾರದೆ ಕೆಳಗಿಳಿದು ಬಾಗಿಲು ಬಡಿದೆ. ಹುಬ್ಬಿಗೆ ಓಲೆ ಚುಚ್ಚಿಸಿಕೊಂಡ ಗಾಯಕ ಯೋನಾಸ್ ನನ್ನನ್ನು ಕಂಡವನೇ ಕ್ಷಮೆ ಕೇಳತೊಡಗಿದ. ನನ್ನ ಹರಕುಮುರುಕು ಜರ್ಮನ್‌ನಲ್ಲಿ ಹೇಳಿದೆ: “ಯಾಕೆ ನಿಲ್ಲಿಸಿದಿರಿ? ನನಗೆ ನಿದ್ದೆ ಬರುತ್ತಿಲ್ಲ.”

ನಂಬಿಸಲು ಅವ್ವ ಕಳಿಸಿದ್ದ ವಾಯ್ಸ್ ಮೆಸೇಜ್ ಕೇಳಿಸಬೇಕಾಯಿತು. ಹಿಂದೆ ಮಿಲ್ಲು, ಮುಂದೆ ಅವ್ವ: “ಉಂಡ್ಯಾ? ಗಟ್ಟಿಯಾಗಿ ಹೇಳು, ಮಿಲ್ಲು ಓಡ್ತೈತೆ.” ಯೋನಾಸ್ ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದ. ಇಂಥ ಸದ್ದಿಗಾಗಿಯೇ ತಾವು ಒದ್ದಾಡುತ್ತಿರುವುದು ಎಂದ.

ಹೀಗೆ ಅವರ ಇಪಿ ತಯಾರಾಯಿತು. ಇಪಿ ಅಂದರೆ, ಆಲ್ಬಮ್ಮಿಗೆ ಸಾಲುವಷ್ಟು ಹಾಡಿಲ್ಲದಾಗ ಬಿಡುವ ಸಣ್ಣ ರೆಕಾರ್ಡು. ನಾಲ್ಕನೆಯದು ನಮ್ಮವ್ವನ ಹಾಡು: ಮೊದಲು ಆ ಮೆಸೇಜಿನ ಮಿಲ್ಲು, ಅವ್ವನ ದನಿ, ಆಮೇಲೆ ಅವರ ಗಿಟಾರು. ಒಪ್ಪಿಗೆ ಕೇಳಿದಾಗ, “ಹಾಡಾಕೆ ನನಗೆಲ್ಲಿ ಬರ್ತೈತೆ, ಬೇಕಾದ್ರೆ ಬೈತೀನಿ” ಅಂದಿದ್ದಳು.

ಬಿಡುಗಡೆಯ ಸಂಜೆ ನೆಲಮಾಳಿಗೆಯಲ್ಲಿ ಕರಿಬಟ್ಟೆ ತೊಟ್ಟ ಅಭಿಮಾನಿಗಳು ಕಿಕ್ಕಿರಿದಿದ್ದರು. ಸ್ಪೀಕರಿನಲ್ಲಿ ಅವ್ವ “ಉಂಡ್ಯಾ?” ಎಂದಾಗ ನನಗೇ ಗೊತ್ತಾಗದೆ “ಉಂಡೆ ಕಣವ್ವ” ಎಂದು ಕೂಗಿಬಿಟ್ಟೆ. ಇದೇ ಪಲ್ಲವಿ ಇರಬೇಕೆಂದುಕೊಂಡು ಇಡೀ ಸಭೆ ನನ್ನ ಹಿಂದೆಯೇ ಕೂಗಿತು. ಅವ್ವ ಕೇಳಿದಾಗಲೆಲ್ಲ ಕೂಗಿತು. ನಗುತ್ತಲೇ ನನಗೆ ಅಳು ಬಂತು. ಈ ದೇಶದಲ್ಲಿ ಅಷ್ಟು ಜನರ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು, ಅದೂ ಸುಳ್ಳು. ಯಾರೂ ಉಂಡಿರಲಿಲ್ಲ.

ಈಗ ರಜೆಗೆ ಊರಿಗೆ ಬಂದಿದ್ದೇನೆ. ಗೋಡೆಯಾಚೆ ಮಿಲ್ಲು ಓಡುತ್ತಿದೆ. ಗಿಟಾರು ಯಾವಾಗ ಸೇರಿಕೊಳ್ಳುತ್ತದೋ ಎಂದು ಕಾಯುವುದರಲ್ಲಿ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಹಿತ್ತಲಿನಿಂದ ಅವ್ವ ಕೂಗಿದಳು: “ಉಂಡ್ಯಾ?”

“ಉಂಡೆ ಕಣವ್ವ” ಎಂದು ಕೂಗಿದೆ. ಉಳಿದವರೂ ಕೂಗುತ್ತಾರೆಂದು ಕಾದೆ.