ಹೆಸರಿಗೆ ಮುಂಚೆ ಎತ್ತಿದ ಮುಳ್ಳು

ನಮ್ಮ ನೀಲಮ್ಮ ದೊಡ್ಡವ್ವ ಹಾಡು ಕೇಳುವಾಗ ಕಣ್ಣು ಮುಚ್ಚಿ ತಲೆದೂಗುವವಳಲ್ಲ. ಹುಬ್ಬು ಗಂಟಿಕ್ಕಿ, ಜಗಳಕ್ಕೆ ಹೊರಟವಳ ಹಾಗೆ ಕೂರುತ್ತಿದ್ದಳು. ನಡುವೆ ಯಾರಾದರೂ ಮಾತಾಡಿದರೋ, ಅವರಿಗೆ ಅವತ್ತು ಚಹಾ ಇಲ್ಲ. ಹುಬ್ಬಳ್ಳಿಯ ಹಾಡಿನ ಹುಚ್ಚಿನವರು ಹೆಸರು ಅಳಿಸಿಹೋದ ಗ್ರಾಮಫೋನ್ ಪ್ಲೇಟುಗಳನ್ನು ತಂದರೆ, ನಾಲ್ಕು ಸುತ್ತು ತಿರುಗುವುದರೊಳಗೆ ರಾಗ ಹೇಳಿಬಿಡುವಳು. ಜೊತೆಗೆ ಬೈಗುಳವೂ ಇರುತ್ತಿತ್ತು. "ಪೂರಿಯಾಕ್ಕ ಮಾರವಾ ಅಂತೀರಲ್ರಿ, ಕಿವ್ಯಾಗ ಹತ್ತಿ ಇಟ್ಕೊಂಡೀರೇನು?" ಎಂದು ಒಬ್ಬ ವಕೀಲರನ್ನೇ ಕೇಳಿದ್ದಳು.

ಈ ವಿದ್ಯೆ ಬಂದದ್ದು ಧಾರವಾಡದ ತವರಿನಲ್ಲಿ. ಪಡಸಾಲೆಯಲ್ಲಿ ಮಾಸ್ತರರು ಅವಳ ಅಣ್ಣಂದಿರಿಗೆ ಪಾಠ ಹೇಳುತ್ತಿದ್ದರೆ ಇವಳು ಒಳಗೆ ರೊಟ್ಟಿ ಬಡಿಯುತ್ತ ಕಲಿತಳು. ಅಣ್ಣಂದಿರು ಏನೂ ಕಲಿಯಲಿಲ್ಲ, ಆ ಮಾತು ಬೇರೆ.

ಒಂದೇ ಒಂದು ಪ್ಲೇಟು ಅವಳಿಗೆ ಬಗ್ಗಲಿಲ್ಲ. ನಮ್ಮ ಮನೆಯದೇ ಅದು, ಹೆಂಗಸೊಬ್ಬಳು ಹಾಡಿದ್ದು, ಭೀಮಪಲಾಸ ರಾಗದ ಹಾಗೆ ಹೊರಟು ನಡುವೆ ಎಲ್ಲಿಗೋ ಹೊರಳಿಬಿಡುತ್ತಿತ್ತು. ಆ ತಿರುವು ಎಲ್ಲಿಯದು ಎಂದು ಹಾಡಿದವಳನ್ನೇ ಕೇಳಬೇಕೆಂಬುದು ದೊಡ್ಡವ್ವನ ಜೀವದ ಆಸೆ. ಆದರೆ ಅವಳಾರು? ಪ್ಲೇಟಿನ ನಡುವಿನ ಕಾಗದ ಕಿತ್ತುಹೋಗಿತ್ತು. ಆಗಿನ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು ಕೂಗಿ ಹೇಳುವ ರೂಢಿ ಇತ್ತು. ಅಲ್ಲಿಗೆ ಬರುವ ಮುಂಚೆಯೇ ನಮ್ಮ ದೊಡ್ಡಪ್ಪ ಮುಳ್ಳು ಎತ್ತಿಬಿಡುತ್ತಿದ್ದ. ಹಾಡಿ ಹೊಟ್ಟೆ ಹೊರೆಯುವ ಅಂಥವಳ ಹಾಡು ಬೇಕು, ಹೆಸರು ಮಾತ್ರ ಮರ್ಯಾದಸ್ಥರ ಮನೆಯಲ್ಲಿ ಕೇಳಬಾರದು. ಬೆಂಕಿ ಹಚ್ಚಬೇಕು ಆ ಮರ್ಯಾದೆಗೆ. ಗ್ರಾಮಫೋನ್ ಪೆಟ್ಟಿಗೆಯ ಕೀಲಿಯೂ ಅವನ ಕಿಸೆಯಲ್ಲೇ ಇರುತ್ತಿದ್ದುದರಿಂದ ದೊಡ್ಡವ್ವ ಒಬ್ಬಳೇ ಹಚ್ಚಿ ಕೇಳುವಂತಿರಲಿಲ್ಲ.

ದೊಡ್ಡಪ್ಪ ತೀರಿಕೊಂಡು ಕೀಲಿ ಅವಳ ಕೈಗೆ ಬಂದಾಗ ಆ ಪ್ಲೇಟೇ ಇರಲಿಲ್ಲ. ಯುದ್ಧದ ಕಾಲ; ಹಳೆಯ ಪ್ಲೇಟು ಕೊಟ್ಟರಷ್ಟೇ ಅಂಗಡಿಯವರು ಹೊಸದು ಕೊಡುತ್ತಿದ್ದರು, ಹಳೆಯವು ಕರಗಿಸಲು ಹೋಗುತ್ತಿದ್ದವು. ನಮ್ಮಪ್ಪ, ಅಂದರೆ ಅವಳ ಮೈದುನ, ಅದನ್ನು ಕೊಟ್ಟು ಯಾವುದೋ ನಾಟಕದ ಹಾಡು ತಂದಿದ್ದ. ಒಂದು ಮಾತು ಕೇಳಿರಲಿಲ್ಲ.

ದೊಡ್ಡವ್ವ ಅಳಲಿಲ್ಲ. ಮರುದಿನದಿಂದ ಸೆರಗು ಹೊದ್ದು ಪೇಟೆ ಸುತ್ತಿದಳು. ಅಂಗಡಿಯ ಕಟ್ಟೆಗೆ ನಿಂತು ಹಾಡಿನ ಮೊದಲ ಸಾಲು ಗುನುಗಿ, ಈ ಪ್ಲೇಟು ನಿಮ್ಮಲ್ಲಿ ಬಂದಿತ್ತೇ ಎಂದು ಕೇಳುವುದು. ಶೆಟ್ಟರ ಮನೆಯ ವಿಧವೆ ಬಜಾರಿನಲ್ಲಿ ಹಾಡುತ್ತಾಳೆ ಎಂದು ಊರು ಆಡಿಕೊಂಡಿತು. ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದು ಅಪ್ಪ ಕೂಗಾಡಿದ. "ಪ್ಲೇಟು ಕೊಡೂವಾಗ ನೀ ನನ್ನ ಕೇಳಿದ್ದೇನು? ನಾ ಹಾಡೂವಾಗ ನಿನ್ನ ಯಾಕ ಕೇಳ್ಲಿ?" ಎಂದಳು.

ಕೊನೆಗೆ ಸ್ಟೇಷನ್ನಿನ ಹತ್ತಿರ ಗ್ರಾಮಫೋನ್ ರಿಪೇರಿ ಮಾಡುವ ಇಮಾಮಸಾಬರ ಅಂಗಡಿಯಲ್ಲಿ, ಕರಗಿಸಲು ಕಟ್ಟಿಟ್ಟ ಗಂಟಿನಲ್ಲಿ, ಅದೇ ಹಾಡಿನ ಇನ್ನೊಂದು ಪ್ಲೇಟು ಸಿಕ್ಕಿತು. ಅದಕ್ಕೂ ಕಾಗದವಿರಲಿಲ್ಲ. ಮನೆಗೆ ತಂದು ಎಲ್ಲರೆದುರಿಗೆ ಹಚ್ಚಿದಳು. ಹಾಡು ಮುಗಿಯುತ್ತಿದ್ದಂತೆ ಅಪ್ಪನ ಕೈ ತಾನಾಗಿ ಮುಳ್ಳಿನ ಕಡೆ ಹೋಯಿತು.

"ಶಂಕ್ರಪ್ಪ, ಕೈ ತಗಿ."

ಪೆಟ್ಟಿಗೆಯಿಂದ ಹೆಂಗಸಿನ ದನಿ ಬಂತು: "ನಾನು ಉಣಕಲ್ಲ ತುಂಗಾಬಾಯಿ."

ಉಣಕಲ್ಲ! ಟಾಂಗಾ ಹತ್ತಿದರೆ ಬಾಯೊಳಗಿನ ಎಲೆ ಅಡಿಕೆ ಮುಗಿಯುವುದರೊಳಗೆ ಸಿಗುವ ಊರು. ದೊಡ್ಡವ್ವ ನನ್ನನ್ನು ಕರೆದುಕೊಂಡು ಅಂದೇ ಹೋದಳು. ಕೆರೆಯ ಬದಿಯ ಮನೆಯಲ್ಲಿ ತುಂಗಾಬಾಯಿಯ ತಂಗಿ ಬಾಗಿಲು ತೆರೆದಳು. "ಹ್ವಾದ ಶ್ರಾವಣದಾಗ ತೀರಕೊಂಡ್ಲರಿ ಅಕ್ಕ. ಕಡೀತನಕ ದಿನಾ ಹಾಡ್ತಿದ್ಲು" ಎಂದಳು. ದೊಡ್ಡವ್ವ ಆ ತಿರುವನ್ನು ಗುನುಗಿ ಕೇಳಿದಳು. ತನಗೆ ಹಾಡು ಬಾರದು ಎಂದು ತಂಗಿ ತಲೆ ಅಲ್ಲಾಡಿಸಿದಳು.

ವಾಪಸು ಬಂದು ಅಪ್ಪನ ಮುಂದೆ ನಿಂತಳು. "ಇಷ್ಟು ವರ್ಷ ಅಕಿ ಇಲ್ಲೇ ಇದ್ಲು. ಒಂದು ಮಾತು ಕೇಳಾಕ ನೀವು ಬಿಡಲಿಲ್ಲ." ವಾರದೊಳಗೆ ಪೆಟ್ಟಿಗೆ ಎತ್ತಿಕೊಂಡು ಧಾರವಾಡಕ್ಕೆ ಹೋದವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಲ್ಲೇ ತೀರಿಕೊಂಡಳು.

ಒಂದು ಪ್ಲೇಟಿನ ಸಲುವಾಗಿ ನಮ್ಮ ಅತ್ತಿಗೆ ಮನೆ ಬಿಟ್ಟಳು ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಆ ನಗು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಯಾರ ಹಾಡದು ಎಂದು ಅವರು ಕೇಳಿದರೆ, "ಯಾವಾಕೀದೋ ಏನೋ" ಎನ್ನುವನು. ಗೊತ್ತಿದ್ದೂ. ಪ್ರತಿ ಸಲವೂ ನಾನು ಒಳಗಿನಿಂದ ಕೂಗಿ ಹೇಳುತ್ತಿದ್ದೆ:

"ಉಣಕಲ್ಲ ತುಂಗಾಬಾಯೀದು."